ಭಾವನಿಗೆ ಸೆಪ್ಸಿಸ್ ಆಗಿ ‘ರಕ್ತ ಕ್ಲೀನ್’ ಮಾಡಿಸಿದ್ದು: ನಮ್ಗೆ ಮೊದ್ಲೇ ಗೊತ್ತಿರ್ಬೇಕಿತ್ತು ಅನ್ನಿಸಿದ್ದೆಲ್ಲ ಬರ್ದಿದ್ದೇನೆ

ಸೆಪ್ಸಿಸ್ ಅಂದ್ರೆ ಸೋಂಕಿಗೆ ಮೈ ಅತಿಯಾಗಿ ಸಿಟ್ಟಿಗೆದ್ದು ತನ್ನದೇ ಅಂಗಗಳನ್ನು ಕೆಡಿಸುದು. ಭಾವ ಡಿಸ್ಚಾರ್ಜ್ ಆಗಿ ಮೂರು ವಾರ ಆಯ್ತು. ಈಗ ತಲೆ ಸ್ವಲ್ಪ ಸ್ಥಿಮಿತಕ್ಕೆ ಬಂದಿದೆ, ಹಾಗಾಗಿ ಕೂತು ಬರಿತಾ ಇದ್ದೇನೆ. ದಿನಕ್ಕೆ ನಾಲ್ಕು ಜನ ಫೋನ್ ಮಾಡ್ತಾರೆ, ಕೇಳುದು ಒಂದೇ, "ಹೌದಾ, ರಕ್ತ ಪೂರಾ ತೆಗ್ದು ಕ್ಲೀನ್ ಮಾಡಿ ವಾಪಸ್ ಹಾಕಿದ್ರಂತೆ, ಎಷ್ಟಾಯ್ತು, ನಮ್ಮ ಪೈಕಿ ಒಬ್ರಿಗೆ ಬೇಕಿತ್ತು". ಪೂರಾ ತೆಗ್ದು ಹಾಕುದೆಲ್ಲ ಇಲ್ಲ ಮಾರಾಯ್ರೆ. ನಾನು ಡಾಕ್ಟರೂ ಅಲ್ಲ, ಭಿವಂಡಿಯಲ್ಲಿ ಒಂದು ಟ್ರಾನ್ಸ್‌ಪೋರ್ಟ್ ಆಫೀಸಲ್ಲಿ ಲೆಕ್ಕ ಬರೆಯುವವ. ಲೆಕ್ಕದ ಅಭ್ಯಾಸ ಇದ್ದದ್ರಿಂದ ಆಸ್ಪತ್ರೆಯ ಹನ್ನೊಂದು ದಿನವೂ ಒಂದು ನೋಟ್‌ಬುಕ್ಕಲ್ಲಿ ಟೈಮ್, ದುಡ್ಡು, ಡಾಕ್ಟ್ರು ಹೇಳಿದ್ದು ಎಲ್ಲ ಗೀಚಿ ಇಟ್ಟಿದ್ದೆ, ಇದು ಅದನ್ನೇ ನೋಡಿ ಬರ್ದದ್ದು.

ಭಾವನಿಗೆ 54, ಹತ್ತು ವರ್ಷದಿಂದ ಶುಗರ್ ಉಂಟು. ಡೊಂಬಿವಲಿ ಈಸ್ಟಲ್ಲಿ ಸಣ್ಣ ಇಡ್ಲಿ-ವಡೆ ಕ್ಯಾಂಟೀನ್, ಅಕ್ಕನೂ ಅದ್ರಲ್ಲೇ ದುಡಿಯುದು. ಜುಲೈ ತಿಂಗಳ ಒಂದು ಶುಕ್ರವಾರ ರಾತ್ರಿ ಅವ್ರಿಗೆ ಚಳಿ ಹಿಡೀತು, ಎರಡು ಕಂಬಳಿ ಹೊದ್ರೂ ಹಲ್ಲು ಕಟಕಟ. ಮಳೆಗಾಲದಲ್ಲಿ ಇಲ್ಲಿ ಚಳಿ ಜ್ವರ ಅಂದ್ರೆ ಮೊದ್ಲು ಮಲೇರಿಯಾ, ಅದಲ್ಲಾಂದ್ರೆ ಡೆಂಗಿ, ನಿಂತ ನೀರಲ್ಲಿ ನಡ್ದಿದ್ರೆ ಲೆಪ್ಟೊ (ಇಲಿ ಜ್ವರ). ಶನಿವಾರ ಫ್ಯಾಮಿಲಿ ಡಾಕ್ಟ್ರು ರಕ್ತ ತೆಗ್ಸಿದ್ರು, ಮಲೇರಿಯಾ ನೆಗೆಟಿವ್, ಡೆಂಗಿ ನೆಗೆಟಿವ್, ನಮ್ಗೆಲ್ಲ ಸಮಾಧಾನ. ಒಂದು ವಾರದಿಂದ ಎಡಗಡೆ ಸೊಂಟ ನೋವು ಅಂತ ಮಾತ್ರೆ ನುಂಗ್ತಿದ್ದದ್ದು ಭಾವ ಯಾರಿಗೂ ಹೇಳ್ಲೇ ಇಲ್ಲ, ಡಾಕ್ಟ್ರಿಗೂ ಇಲ್ಲ.

ಭಾನುವಾರ ಬೆಳಿಗ್ಗೆ ಅಕ್ಕನ ಫೋನ್. "ಇವ್ರು ಎಂತೆಂತದೋ ಮಾತಾಡ್ತಿದ್ದಾರೆ ಮಾರಾಯ, ಶಟರ್ ಹಾಕಿದ್ಯಾ ಅಂತ ಐದು ಸಲ ಕೇಳಿದ್ರು, ರಾತ್ರಿಯಿಂದ ಮೂತ್ರಕ್ಕೇ ಹೋಗ್ಲಿಲ್ಲ, ಒಮ್ಮೆ ಬಾ." ನಾನು ಹೋಗಿ ನೋಡುವಾಗ ಜ್ವರ ಹೆಚ್ಚಿರ್ಲಿಲ್ಲ, ಅದೇ ನಮ್ಗೆ ಮೋಸ ಮಾಡಿದ್ದು, ಕೈಕಾಲು ತಣ್ಣಗೆ, ಉಸಿರು ಮಾತ್ರ ಮೆಟ್ಲು ಹತ್ತಿ ಬಂದವರ ಹಾಗೆ. ಇದನ್ನು ದಯವಿಟ್ಟು ತಲೆಯಲ್ಲಿ ಇಟ್ಕೊಳ್ಳಿ: ಜ್ವರ ಬಂದವರಿಗೆ ಮಾತು ತಪ್ಪಿದ್ರೆ, ಮೂತ್ರ ನಿಂತ್ರೆ, ಉಸಿರು ಜೋರಾದ್ರೆ, ಆಮೇಲೆ ಥರ್ಮಾಮೀಟರ್ ನೋಡಿ ಧೈರ್ಯ ತಗೊಳ್ಳುದಲ್ಲ, ರಿಕ್ಷಾ ಹಿಡಿಯುದು.

ಹತ್ರದ ನರ್ಸಿಂಗ್ ಹೋಮಲ್ಲಿ ಬಿಪಿ 78/46. ಸಲೈನ್ ಹಾಕಿದ್ರು, ಒಂದು ಆಂಟಿಬಯೋಟಿಕ್ ಇಂಜೆಕ್ಷನ್ ಕೊಟ್ರು, ಬಿಪಿ ಏರ್ತದೆ ನೋಡುವ ಅಂತ ನಾಲ್ಕು ಗಂಟೆ ಕಾದ್ರು. ಏರ್ಲಿಲ್ಲ. ಇಂಜೆಕ್ಷನ್ನಿಗೆ ಮೊದ್ಲು ಬ್ಲಡ್ ಕಲ್ಚರ್ ತೆಗಿಬೇಕಿತ್ತು, ಅವ್ರು ತೆಗಿಲಿಲ್ಲ, ಕೇಳ್ಬೇಕು ಅಂತ ನಮ್ಗೂ ಗೊತ್ತಿಲ್ಲ. ಯಾವ ರೋಗಾಣು ಅಂತ ಹಿಡಿಯುದು ಆ ಕಲ್ಚರಲ್ಲಿ, ಔಷಧ ಒಳಗೆ ಹೋದ ಮೇಲೆ ತೆಗ್ದ್ರೆ ಕೆಲವೊಮ್ಮೆ ಎಂತದ್ದೂ ಬೆಳಿಯುದಿಲ್ಲವಂತೆ. ಹಾಗಂತ ಕಲ್ಚರಿಗೋಸ್ಕರ ಇಂಜೆಕ್ಷನ್ ಗಂಟೆಗಟ್ಟಲೆ ತಡ ಮಾಡುದೂ ತಪ್ಪು. ಐದು ನಿಮಿಷದ ಕೆಲ್ಸ, "ಕಲ್ಚರ್ ತಗೊಂಡ್ರಾ?" ಅಂತ ಒಂದು ಮಾತು ಕೇಳಿ ಅಷ್ಟೆ. ಕಡೆಗೆ ಅವ್ರೇ "ಇಲ್ಲಿ ಆಗುದಿಲ್ಲ, ಐಸಿಯು ಡಯಾಲಿಸಿಸ್ ಎರಡೂ ಇರುವಲ್ಲಿಗೆ ಹೋಗಿ" ಅಂದ್ರು. ನರ್ಸಿಂಗ್ ಹೋಮ್ ಬಿಲ್ 11,200, ಡಾಕ್ಟರ್ ಇರುವ ಆಂಬುಲೆನ್ಸಿಗೆ 6,500. ಶಿಳ್‌ಫಾಟಾದಲ್ಲಿ ಭಾನುವಾರ ಸಂಜೆಯೂ ಟ್ರಾಫಿಕ್ಕೇ, ಸೈರನ್ ಹೊಡ್ಕೊಂಡು ನಿಂತಲ್ಲೇ ನಿಂತಿದ್ದೆವು. ನವಿ ಮುಂಬಯಿ ಮುಟ್ಟುವಾಗ 7:20.

ಇಲ್ಲಿ ಒಂದು ಸಣ್ಣ ಎಡವಟ್ಟು. ಎಮರ್ಜೆನ್ಸಿಯಲ್ಲಿ ಮೊದ್ಲ ಪ್ರಶ್ನೆ "ಆಂಟಿಬಯೋಟಿಕ್ ಯಾವ್ದು, ಎಷ್ಟು ಗಂಟೆಗೆ ಕೊಟ್ಟದ್ದು". ರೆಫರಲ್ ಚೀಟಿಯಲ್ಲಿ ಅದು ಬರ್ದೇ ಇರ್ಲಿಲ್ಲ. ನಾನು ನರ್ಸಿಂಗ್ ಹೋಮಿಗೆ ಫೋನ್ ಮಾಡಿದ್ರೆ ಡ್ಯೂಟಿ ಚೇಂಜ್ ಆಗಿತ್ತು. ಬೇರೆ ಆಸ್ಪತ್ರೆಗೆ ಹೋಗುವಾಗ ಔಷಧದ ಹೆಸ್ರು, ಟೈಮ್, ಎಷ್ಟು ಸಲೈನ್ ಹೋಗಿದೆ, ಈ ಮೂರು ಇಲ್ಲದ ಚೀಟಿ ಹಿಡ್ಕೊಂಡು ಹೊರಡ್ಬೇಡಿ.

ಇನ್ಶೂರೆನ್ಸ್ ಕ್ಲೇಮ್ ನೋಡುವ ಟಿಪಿಎ ಡೆಸ್ಕ್ ಭಾನುವಾರ ಬಂದ್, ಹಾಗಾಗಿ ಕ್ಯಾಶ್‌ಲೆಸ್ ಕಾರ್ಡ್ ಇದ್ರೂ 1 ಲಕ್ಷ ಡಿಪಾಸಿಟ್ ಕಟ್ಟಿ ಅಂದ್ರು. ಕಟ್ಟಿದೆ. ಆಧಾರ್, ಪಾನ್, ಪಾಲಿಸಿ ಕಾರ್ಡ್, ಹಳೆ ಶುಗರ್ ರಿಪೋರ್ಟ್, ಇಷ್ಟರ ಫೋಟೋ ಮನೆಯಲ್ಲಿ ಇಬ್ಬರ ಫೋನಲ್ಲಿ ಇರ್ಬೇಕು. ಭಾವನ ಪಾನ್ ಕಾರ್ಡ್ ಕ್ಯಾಂಟೀನಿನ ಗಲ್ಲಾ ಪೆಟ್ಟಿಗೆ ಒಳಗೆ ಇತ್ತು, ರಾತ್ರಿ ಕೆಲ್ಸದ ಹುಡುಗನನ್ನು ಎಬ್ಬಿಸಿ ಫೋಟೋ ಹೊಡ್ಸಿದ್ದು.

ರಿಪೋರ್ಟ್ ಬಂತು. ಲ್ಯಾಕ್ಟೇಟ್ 7.2, ಅಂಗಗಳಿಗೆ ರಕ್ತ ಸಾಲದಿದ್ರೆ ಏರುವಂಥದ್ದು, ಅದು 2ರ ಒಳಗೆ ಇರ್ಬೇಕಾದ್ದು. ಕಿಡ್ನಿ ಎಷ್ಟು ಕೆಟ್ಟಿದೆ ಅಂತ ಹೇಳುವ ಕ್ರಿಯಾಟಿನಿನ್ 3.9. ಪ್ಲೇಟ್ಲೆಟ್ 62,000. ಸಿಟಿ ಸ್ಕ್ಯಾನಲ್ಲಿ ಎಡಗಡೆ ಮೂತ್ರದ ನಾಳದಲ್ಲಿ 9 ಎಂಎಂ ಕಲ್ಲು ಸಿಕ್ಕಿಹಾಕ್ಕೊಂಡು ಕಿಡ್ನಿ ಊದಿದೆ. ಕಲ್ಲಿನ ಹಿಂದೆ ಮೂತ್ರ ಕಟ್ಟಿ, ಅದ್ರಲ್ಲಿ ಬ್ಯಾಕ್ಟೀರಿಯಾ ಬೆಳ್ದು, ಅದು ರಕ್ತಕ್ಕೆ ಹತ್ತಿ ಸೆಪ್ಟಿಕ್ ಶಾಕ್, ಅಂದ್ರೆ ಬಿಪಿಯೇ ಬಿದ್ದುಹೋಗುವ ಸೆಪ್ಸಿಸ್. ರಾತ್ರಿ 11:30ಕ್ಕೆ ಯುರಾಲಜಿಸ್ಟ್ ಬಂದು ಕಿಡ್ನಿಗೆ ಡಿಜೆ ಸ್ಟೆಂಟ್ ಅಂತ ಒಂದು ಸಪೂರ ನಳಿಗೆ ಹಾಕಿದ್ರು. ಕಲ್ಲು ತೆಗಿಲಿಲ್ಲ, ದಾರಿ ಮಾತ್ರ ಬಿಡ್ಸಿದ್ದು. ಬೆನ್ನಿನ ಕಡೆಯಿಂದ ಚುಚ್ಚಿ ಪೈಪ್ ಹಾಕುದೂ ಉಂಟಂತೆ, ಪ್ಲೇಟ್ಲೆಟ್ ಕಮ್ಮಿ ಇದ್ದದ್ರಿಂದ ರಕ್ತ ಸೋರ್ತದೆ ಅಂತ ಬೇಡ ಅಂದ್ರಂತೆ. ಹೊರಗೆ ಬಂದು ಮಾಸ್ಕ್ ಇಳಿಸಿ ಹಿಂದಿಯಲ್ಲಿ ಹೇಳಿದ್ದು: "ಒಳಗೆ ಕೀವು ಇತ್ತು, ಬಂತು. ಇವತ್ತಿನ ಮುಖ್ಯ ಕೆಲ್ಸ ಇದೇ." ಆಗ ಆ ಮಾತಿನ ತೂಕ ನಮ್ಗೆ ಗೊತ್ತಾಗ್ಲಿಲ್ಲ. ಮರುದಿನ ಬಂದ, ‘ರಕ್ತ ಕ್ಲೀನ್’ ಮಾಡುವ ಲಕ್ಷದ ಡಬ್ಬಿಯೇ ದೊಡ್ಡದು ಅಂತ ನಾವು ಎಣಿಸಿದ್ದು.

ಸೋಮವಾರ ಬೆಳಿಗ್ಗೆ ಭಾವ ವೆಂಟಿಲೇಟರಲ್ಲಿ. ಬಿಪಿ ಏರ್ಸುವ ನಾರ್‌ಅಡ್ರಿನಲಿನ್ ಒಂದು ಪಂಪಲ್ಲಿ, ವಾಸೋಪ್ರೆಸಿನ್ ಇನ್ನೊಂದ್ರಲ್ಲಿ, ಸ್ಟೆರಾಯ್ಡ್ ಬೇರೆ. ಮೂತ್ರದ ಚೀಲದಲ್ಲಿ ರಾತ್ರಿಯಿಂದ 30 ಎಂಎಲ್, ಚಹಾ ಡಿಕಾಕ್ಷನ್ ಬಣ್ಣ. ಪೊಟ್ಯಾಶಿಯಂ 6.1ಕ್ಕೆ ಏರಿತ್ತು. ಮಧ್ಯಾಹ್ನ 12ಕ್ಕೆ ಡಯಾಲಿಸಿಸ್ಸಿಗೆ ಸಹಿ ತಗೊಂಡ್ರು, ಬಿಪಿ ಇಷ್ಟು ಕಮ್ಮಿ ಇರುವಾಗ ನಾಲ್ಕು ಗಂಟೆಯ ಮಾಮೂಲಿ ಡಯಾಲಿಸಿಸ್ ತಡಿಯುದಿಲ್ಲ, 24 ಗಂಟೆ ನಿಧಾನಕ್ಕೆ ನಡಿಯುವ ಸಿಆರ್‌ಆರ್‌ಟಿ ಮಾಡ್ಬೇಕು ಅಂತ. ಅದ್ರ ಸೆಟ್ಟಿಗೆ 17,500, ದಿನದ ಚಾರ್ಜ್ ಬೇರೆ. ಇದಕ್ಕೆ ಯೋಚ್ನೆ ಮಾಡ್ಲಿಕ್ಕೆ ಏನೂ ಇರ್ಲಿಲ್ಲ.

ಎರಡು ಗಂಟೆಗೆ ಕೌನ್ಸೆಲಿಂಗ್ ರೂಮಿಗೆ ಕರ್ದ್ರು. ಐಸಿಯು ಡಾಕ್ಟ್ರು, ಒಬ್ಬ ಜೂನಿಯರ್, ಟೇಬಲ್ ಮೇಲೆ ಟಿಶ್ಯೂ ಡಬ್ಬಿ. (ಟಿಶ್ಯೂ ಇಟ್ಟ ರೂಮಿಗೆ ಕರ್ದ್ರೆ ಅರ್ಧ ಜೀವ ಅಲ್ಲೇ ಹೋಗ್ತದೆ.) ಅವ್ರು ಹೇಳಿದ್ದು, ಡಯಾಲಿಸಿಸ್ ಮೆಷಿನ್ನಿಗೇ ಇನ್ನೊಂದು ಫಿಲ್ಟರ್ ಜೋಡಿಸ್ಬಹುದು, ಸೈಟೋಸಾರ್ಬ್ ಅಂತ, ಒಂದಕ್ಕೆ 1,08,000, ನಮ್ಮ ಫಾರ್ಮಸಿಯಲ್ಲಿ ಸ್ಟಾಕ್ ಇಲ್ಲ, ಡಿಸ್ಟ್ರಿಬ್ಯೂಟರ್ ಕಡೆಯಿಂದ ಮೂರು ಗಂಟೆಯಲ್ಲಿ ಬರ್ತದೆ, ದುಡ್ಡು ಮೊದ್ಲು, ಇನ್ಶೂರೆನ್ಸ್ ಕೊಡ್ತದೆ ಅಂತ ಗ್ಯಾರಂಟಿ ಇಲ್ಲ. ಅಕ್ಕ ಒಂದೇ ಮಾತು ಕೇಳಿದ್ಳು, "ಹಾಕಿದ್ರೆ ಉಳೀತಾರಾ?" ಡಾಕ್ಟ್ರು "ಹಾಗೆ ಹೇಳ್ಲಿಕ್ಕೆ ಆಗುದಿಲ್ಲ. ಬಿಪಿ ಔಷಧ ಸ್ವಲ್ಪ ಇಳಿಸ್ಲಿಕ್ಕೆ ಸಹಾಯ ಆಗ್ಬಹುದು. ಇದು ಸಪೋರ್ಟ್, ಟ್ರೀಟ್‌ಮೆಂಟ್ ಅಲ್ಲ" ಅಂದ್ರು. ಅರ್ಧ ಗಂಟೆ ಟೈಮ್ ಕೊಟ್ರು.

ಆ ಅರ್ಧ ಗಂಟೆಯಲ್ಲಿ ನಮ್ಗೆ ದೇವ್ರ ಹಾಗೆ ಸಿಕ್ಕಿದ್ದು ಡಯಾಲಿಸಿಸ್ ಟೆಕ್ನಿಷಿಯನ್, ಬೆಳಗಾವಿ ಕಡೆಯ ಹುಡುಗ. ನಾನೂ ಅಕ್ಕನೂ ಪ್ಯಾಸೇಜಲ್ಲಿ ಕನ್ನಡದಲ್ಲಿ ಗುಸುಗುಸು ಮಾಡುದು ಕೇಳಿ ನಿಂತ. "ಏನ್ರೀ ಅಕ್ಕಾರ, ಕನ್ನಡದವ್ರೇನು ನೀವು? ಹೆದರಬ್ಯಾಡ್ರಿ, ನಾ ಹೇಳ್ತೀನಿ." ಅವ ಹೇಳಿದ ಹಾಗೆ ಇವತ್ತಿನವರೆಗೆ ಯಾವ ಡಾಕ್ಟ್ರೂ ಹೇಳ್ಲಿಲ್ಲ. "ಡಯಾಲಿಸಿಸ್ ಅಂದ್ರ ಜರಡಿ ಇದ್ದಂಗ್ರಿ, ಸಣ್ಣ ಹೊಲಸು ತೂತಿನಾಗ ಹಾದು ಹೊರಗ ಹೊಕ್ಕೈತಿ. ಈ ಡಬ್ಬಿ ಜರಡಿ ಅಲ್ರಿ, ಇದು ಅಂಟು. ಮೈಯಾಗ ಜಂತು ಬಂದಾಗ ನಮ್ಮ ಮೈನ ಸಿಟ್ಟಿಗೆದ್ದು ಏನೇನೋ ರಸ ಬಿಡ್ತೈತಿ, ಆ ರಸ ಹೆಚ್ಚಾಗಿ ಬಿಪಿ ಬೀಳ್ತೈತಿ. ಆ ರಸ ಇದ್ರಾಗಿನ ಕಾಳಿಗೆ ಅಂಟ್ಕೋತೈತಿ. ಜಂತು ಸಾಯೂದು ಆಂಟಿಬಯೋಟಿಕ್‌ದಿಂದನ ರೀ, ಇದ್ರಿಂದ ಅಲ್ಲ."

ಇಷ್ಟೇ ವಿಷಯ. ‘ರಕ್ತ ಕ್ಲೀನ್’ ಅನ್ನುವ ಒಂದು ಹೆಸ್ರಲ್ಲಿ ಮೂರ್ನಾಲ್ಕು ಬೇರೆ ಬೇರೆ ಕೆಲ್ಸ ಉಂಟು. ಕಿಡ್ನಿ ನಿಂತಾಗ ಡಯಾಲಿಸಿಸ್, ಅದು ಬೇಕೇ ಬೇಕಾಗ್ಬಹುದು. ಸೈಟೊಕೈನ್ (ಆ ಹುಡುಗ ಹೇಳಿದ ‘ರಸ’) ಹಿಡಿಯುವ ಈ ಅಂಟು ಡಬ್ಬಿ, ಅದು ಆಯ್ಕೆ. ಇನ್ನೊಂದು ಪಾಲಿಮಿಕ್ಸಿನ್ ಬಿ ಕಾಲಮ್, ಅದು ಕೆಲವು ಜಾತಿ ಬ್ಯಾಕ್ಟೀರಿಯಾದ ಸಿಪ್ಪೆಯಿಂದ ಬರುವ ಎಂಡೊಟಾಕ್ಸಿನ್ ವಿಷವನ್ನು ಹಿಡಿಯುದು, ಜಪಾನಿನಲ್ಲಿ 1994ರಿಂದ ಬಳ್ಕೆಯಲ್ಲಿ ಉಂಟು. ಪ್ಲಾಸ್ಮಾ, ಅಂದ್ರೆ ರಕ್ತದ ನೀರಿನ ಭಾಗ, ಬದಲಿಸುದು ಮತ್ತೊಂದು. ನಿಮ್ಗೆ ಯಾರಾದ್ರೂ "ಬ್ಲಡ್ ಪ್ಯೂರಿಫಿಕೇಶನ್" ಅಂದ್ರೆ ಮೊದ್ಲು ಕೇಳ್ಬೇಕಾದ್ದು ಇದ್ರಲ್ಲಿ ಯಾವ್ದು ಅಂತ.

ಅಕ್ಕ ಹಾಕ್ಸುವ ಅಂದ್ಳು. ನಾನು ಬೇಡ ಅನ್ಲಿಲ್ಲ, ಅನ್ಲಿಕ್ಕೆ ನಾನ್ಯಾರು. ನಾಳೆ ಎಂತಾದ್ರೂ ಆದ್ರೆ ಆ ಡಬ್ಬಿ ತರ್ಸಿದ್ರೆ ಉಳೀತಿದ್ರೋ ಏನೋ ಅಂತ ಅವ್ಳು ಜೀವನ ಇಡೀ ಕೊರಗ್ಬಾರ್ದು, ನಿಜ ಹೇಳ್ಬೇಕಂದ್ರೆ ನಾವು ದುಡ್ಡು ಕೊಟ್ಟದ್ದು ಅರ್ಧ ಅದಕ್ಕೇ.

ಮುಂದಿನ ತಾಪತ್ರಯ ದುಡ್ಡು ಕಳಿಸುದು. ಡಿಸ್ಟ್ರಿಬ್ಯೂಟರಿಗೆ ಯುಪಿಐ ಮಾಡಿದ್ರೆ 1 ಲಕ್ಷದ ಮೇಲೆ ಹೋಗುದಿಲ್ಲ! ಆಸ್ಪತ್ರೆಗಳಿಗೆ 5 ಲಕ್ಷದವರೆಗೆ ಲಿಮಿಟ್ ಉಂಟು, ಆದ್ರೆ ಇದು ಆಸ್ಪತ್ರೆ ಅಕೌಂಟ್ ಅಲ್ಲ. ನನ್ನ ಫೋನಿಂದ 90,000, ಉಳಿದ 18,000 ಅಕ್ಕನ ಮಗ್ಳ ಫೋನಿಂದ, ಅವ್ಳ ಬ್ಯಾಂಕ್ ಆ್ಯಪ್ ಆಗ್ಲೇ ಅಪ್‌ಡೇಟ್ ಕೇಳ್ಬೇಕಾ. ಎರಡು ತುಂಡಲ್ಲಿ ಕಳಿಸಿದ್ದಕ್ಕೆ ಎರಡು ರಸೀದಿ, ಅದು ಮುಂದೆ ಕ್ಲೇಮಲ್ಲಿ ಒಂದು ದೊಡ್ಡ ಪ್ರಶ್ನೆ ಆಯ್ತು. ಇನ್ವಾಯ್ಸ್ ಪೇಶಂಟಿನ ಹೆಸ್ರಲ್ಲೇ ಇರ್ಬೇಕು, ಡಬ್ಬಿಯ ಮೇಲಿನ ಲಾಟ್ ನಂಬರ್ ಸ್ಟಿಕರ್ ಕೇಸ್ ಪೇಪರಿಗೆ ಅಂಟಿಸ್ತಾರೆ, ಅದ್ರ ಫೋಟೋ ನೀವೂ ತೆಗ್ದಿಟ್ಕೊಳ್ಳಿ.

ಕನ್ಸೆಂಟ್ ಫಾರ್ಮ್ ಇಂಗ್ಲಿಷ್ ಮತ್ತು ಮರಾಠಿ. ಅಕ್ಕನಿಗೆ ಹಿಂದಿ ಮಾತು ಬರ್ತದೆ, ಓದ್ಲಿಕ್ಕೆ ಕನ್ನಡ ಮಾತ್ರ. ನಾನು ಒಂದೊಂದೇ ಸಾಲು ಹೇಳ್ತಾ ಹೋದೆ, ಪ್ಲೇಟ್ಲೆಟ್ ಇಳಿಬಹುದು, ರಕ್ತ ಹೆಪ್ಪುಗಟ್ಟಬಹುದು, ರಕ್ತ ತೆಗಿಲಿಕ್ಕೆ ಕುತ್ತಿಗೆಗೆ ಹಾಕುವ ನಳಿಗೆಗೆ (ಕ್ಯಾಥೆಟರ್) ಇನ್ಫೆಕ್ಷನ್ ಆಗ್ಬಹುದು, ಪ್ರಾಣಕ್ಕೆ ಅಪಾಯ ಆಗ್ಬಹುದು. ಅಕ್ಕ ದಿನಾ ಕ್ಯಾಂಟೀನ್ ಲೆಕ್ಕದ ಕೆಳಗೆ ಹಾಕುವ ಹಾಗೆ ಹೆಸ್ರನ್ನು ಬಿಡಿಬಿಡಿಯಾಗಿ, ಕನ್ನಡದಲ್ಲಿ ಬರ್ದ್ಳು. ಜೂನಿಯರ್ ಡಾಕ್ಟ್ರು ನೋಡಿ ಏನೂ ಹೇಳ್ಲಿಲ್ಲ.

ಡಬ್ಬಿ ಸಂಜೆ 5:30ಕ್ಕೆ ಬಂತು. ಹೆಚ್ಚು ಕಮ್ಮಿ ಒಂದು ಸಣ್ಣ ಸ್ಟೀಲ್ ತರ್ಮಾಸಿನಷ್ಟು ಉದ್ದ, ಪಾರದರ್ಶಕ ಪ್ಲಾಸ್ಟಿಕ್, ಒಳಗೆ ಬಿಳಿ ಬಿಳಿ ಸಣ್ಣ ಕಾಳು ನೀರಲ್ಲಿ ಮುಳುಗಿ ಕೂತದ್ದು. ಟೆಕ್ನಿಷಿಯನ್ ಹುಡುಗ ಅದನ್ನು ಬೋರಲು ಮಾಡಿದಾಗ ಕಾಳು ನಿಧಾನಕ್ಕೆ ಜಾರಿತು. ಅಕ್ಕ ಗಾಜಿನ ಹೊರಗಿನಿಂದಲೇ ನೋಡಿ, "ನೆನೆ ಹಾಕಿದ ಇಡ್ಲಿ ರವೆ ಹಾಗೆ ಉಂಟಲ್ವಾ?" ಅಂದ್ಳು. ನಂಗೆ ನಗುವಾ ಅಳುವಾ ಗೊತ್ತಾಗ್ಲಿಲ್ಲ. ಮತ್ತೆ ಎರಡು ದಿನ ನಮ್ಮಲ್ಲಿ ಅದ್ರ ಹೆಸ್ರೇ ರವೆ ಡಬ್ಬಿ. 6:10ಕ್ಕೆ ಮೆಷಿನ್ ಶುರು, ಕುತ್ತಿಗೆಯಿಂದ ಹೊರಟ ರಕ್ತ ಮೊದ್ಲು ರವೆ ಡಬ್ಬಿ, ಮತ್ತೆ ಡಯಾಲಿಸಿಸ್ ಫಿಲ್ಟರ್, ಮತ್ತೆ ವಾಪಸ್ ಕುತ್ತಿಗೆಗೆ. ಯಾವಾಗ್ಲೂ ಮೈಯಿಂದ ಹೊರಗೆ ಇರುದು ಕಾಲು ಲೀಟರ್ ಆಚೀಚೆ ರಕ್ತ, ಪೂರಾ ಅಲ್ಲ. ಬಿಳಿ ಕಾಳು ಕಣ್ಣೆದ್ರೇ ಕೆಂಪಾಯ್ತು.

ಐಸಿಯು ಹೊರಗೆ ರಾತ್ರಿ ಕಳಿಯುದು ಒಂದು ವಿದ್ಯೆ. ಎಸಿ ಚಳಿಗೆ ಶಾಲು, ಚಾರ್ಜರ್, ಬಾಳೆಹಣ್ಣು, ಇಷ್ಟು ಇದ್ರೆ ಸಾಕು, ಮೂರು ಜನ ಬೇಡ. ಪಕ್ಕದ ಬೆಂಚಲ್ಲಿ ಅಕ್ಕಲಕೋಟೆ ಕಡೆಯ ಒಬ್ರು ಕನ್ನಡದವರೇ, ಅವ್ರ ಹೆಂಡತಿ ಒಳಗೆ. ಅವ್ರಿಂದಲೇ ನಂಗೆ ಗೊತ್ತಾದ್ದು, ಮಹಾರಾಷ್ಟ್ರದಲ್ಲಿ ಚಾರಿಟೇಬಲ್ ಟ್ರಸ್ಟಿನ ದೊಡ್ಡ ಆಸ್ಪತ್ರೆಗಳು ನೂರಕ್ಕೆ 10 ಬೆಡ್ ಪೂರಾ ಬಡವರಿಗೆ ಫ್ರೀ, ಇನ್ನು 10 ಬೆಡ್ ಕಮ್ಮಿ ಆದಾಯದವರಿಗೆ ರಿಯಾಯ್ತಿಯಲ್ಲಿ ಕೊಡ್ಬೇಕು ಅಂತ ನಿಯಮ ಉಂಟು. ರೇಷನ್ ಕಾರ್ಡ್, ತಹಸೀಲ್ದಾರರ ಆದಾಯ ದಾಖಲೆ ಹಿಡ್ಕೊಂಡು ಆಸ್ಪತ್ರೆಯ ಸೋಶಿಯಲ್ ವರ್ಕರನ್ನು ನಾವೇ ಹುಡ್ಕಿ ಹೋಗ್ಬೇಕು, ಅವ್ರಾಗಿ ಬಂದು ಹೇಳುದಿಲ್ಲ. ಸರಕಾರದ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಯಾವ ಆಸ್ಪತ್ರೆ ಉಂಟು ಅಂತಲೂ ಶಿಫ್ಟ್ ಮಾಡುವ ಮೊದ್ಲೇ ಕೇಳ್ಬೇಕಿತ್ತು, ನಾವು ಕೇಳ್ಲಿಲ್ಲ.

ರಾತ್ರಿ 3:40. ಹೆಸ್ರು ಕೂಗಿದ್ರು. ಆ ಹೊತ್ತಿಗೆ ಹೆಸ್ರು ಕೂಗಿದ್ರೆ ಎಂತ ಅನ್ನಿಸ್ತದೆ ಅಂತ ಬರಿಲಿಕ್ಕೆ ಹೋಗುದಿಲ್ಲ. ಹೋಗಿ ನೋಡಿದ್ರೆ ಮೆಷಿನ್ ನಿಂತಿದೆ, ಪೈಪಲ್ಲಿ ಕಪ್ಪು ಕಪ್ಪು ಗೆರೆ. ಸರ್ಕಿಟ್ ಹೆಪ್ಪುಗಟ್ಟಿತ್ತು. ಸಾಮಾನ್ಯವಾಗಿ ರಕ್ತ ಗಟ್ಟಿಯಾಗ್ಬಾರ್ದು ಅಂತ ಹೆಪಾರಿನ್ ಕೊಡ್ತಾರೆ, ಭಾವನ ಪ್ಲೇಟ್ಲೆಟ್ 38,000ಕ್ಕೆ ಇಳ್ದದ್ರಿಂದ ಹೆಪಾರಿನ್ ಇಲ್ಲದೆ ನಡ್ಸ್ತಿದ್ರು. 24 ಗಂಟೆ ಓಡ್ಬೇಕಾದ ಡಬ್ಬಿ ಒಂಬತ್ತೂವರೆ ಗಂಟೆಗೆ ಹೋಯ್ತು, ಅದ್ರೊಳಗಿನ ರಕ್ತವೂ ಹೋಯ್ತು, ಡಯಾಲಿಸಿಸ್ ಸೆಟ್ಟೂ ಹೋಯ್ತು. 1,08,000 ಅಲ್ಲೇ ಕೆಂಪು ಕಸದ ಚೀಲಕ್ಕೆ. ತಪ್ಪು ಯಾರದ್ದೂ ಅಲ್ಲ, ಫಾರ್ಮಲ್ಲೇ ಬರ್ದಿತ್ತು, ನಾನೇ ಓದಿ ಹೇಳಿದ್ದು.

ಡ್ಯೂಟಿಯಲ್ಲಿದ್ದ ಹುಡುಗಿ ಡಾಕ್ಟ್ರು ಕೇಳಿದ್ರು, ಹೊಸ ಸೆಟ್ ಹಾಕ್ಲೇಬೇಕು, ಕಾರ್ಟ್ರಿಜ್ (ಅದೇ ಡಬ್ಬಿ) ಇನ್ನೊಂದು ತರಿಸ್ತೀರಾ? ಅಕ್ಕ ನನ್ನ ಮುಖ ನೋಡಿದ್ಳು. ಈ ಸಲ ನಾನು ನೋಟ್‌ಬುಕ್ ತೆಗ್ದು ಕೇಳಿದೆ, ಲ್ಯಾಕ್ಟೇಟ್ ಈಗ ಎಷ್ಟು? 4.1. ನಾರ್‌ಅಡ್ರಿನಲಿನ್ ಪಂಪ್ ಸಂಜೆ ಗಂಟೆಗೆ 22 ಎಂಎಲ್ ಇತ್ತು, ಈಗ? 15. ಹಾಗಾದ್ರೆ ಇಳಿತಾ ಉಂಟಲ್ಲ, ಇದು ಡಬ್ಬಿಯಿಂದಲಾ? ಅವ್ರು ಸ್ವಲ್ಪ ಸುಮ್ಮನಿದ್ದು ಹೇಳಿದ್ರು, "ಅದನ್ನು ನಾನು ಬೇರೆ ಮಾಡಿ ಹೇಳ್ಲಿಕ್ಕೆ ಆಗುದಿಲ್ಲ. ಸ್ಟೆಂಟ್ ಆಗಿ 28 ಗಂಟೆ ಆಯ್ತು, ಆಂಟಿಬಯೋಟಿಕ್, ಮೆರೋಪೆನೆಮ್, ಕೆಲ್ಸ ಮಾಡ್ತಾ ಇರ್ಬಹುದು. ನನ್ನ ಅಣ್ಣ ಇಲ್ಲಿ ಮಲಗಿದ್ರೆ ಬೆಳಿಗ್ಗೆ ಸರ್ ಬರುವವರೆಗೆ ಬರೀ ಡಯಾಲಿಸಿಸ್ ನಡ್ಸಿ ನೋಡ್ತಿದ್ದೆ." ಹಾಗೇ ಮಾಡಿದ್ವು. ಬೆಳಿಗ್ಗೆ ದೊಡ್ಡ ಡಾಕ್ಟ್ರು ನೋಡಿ, ಲ್ಯಾಕ್ಟೇಟ್ ಇಳಿತಾ ಉಂಟು, ಎರಡನೇದು ಸದ್ಯಕ್ಕೆ ಬೇಡ ಅಂದ್ರು. ಅಷ್ಟರಲ್ಲಿ ಸಣ್ಣ ಅಕ್ಕ ಊರಿಂದ ಫೋನಲ್ಲಿ "ಎರಡು ಮೂರು ಹಾಕ್ಸಿದ್ರೇ ಆಗುದಂತೆ, ದುಡ್ಡಿಗೆ ನೋಡ್ಬೇಡಿ" ಅಂತ ಅಳುದು. ಊರಿನ ಫೋನ್ ಒಬ್ಬರೇ ಎತ್ತಿ, ದಿನಕ್ಕೆ ಎರಡೇ ಸಲ.

ಮನೆಗೆ ಬಂದ ಮೇಲೆ ನಾನು ಸ್ವಲ್ಪ ಓದಿದೆ. ಪಾಲಿಮಿಕ್ಸಿನ್ ಕಾಲಮ್ ಬಗ್ಗೆ 2009ರಲ್ಲಿ ಇಟಲಿಯಲ್ಲಿ 64 ಜನರ ಮೇಲೆ ಮಾಡಿದ ಪರೀಕ್ಷೆಯಲ್ಲಿ ಒಳ್ಳೆ ಫಲ ಕಂಡಿತ್ತು, ಆಮೇಲೆ 2018ರಲ್ಲಿ ಬಂದ ಅಮೆರಿಕಾ-ಕೆನಡಾದ 450 ಜನರ ದೊಡ್ಡ ಪರೀಕ್ಷೆಯಲ್ಲಿ 28 ದಿನದ ಲೆಕ್ಕಕ್ಕೆ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಇಲ್ಲ. ಸೆಪ್ಸಿಸ್ ಚಿಕಿತ್ಸೆ ಹೇಗಿರ್ಬೇಕು ಅಂತ ಡಾಕ್ಟ್ರಿಗೆ ಸಲಹೆ ಕೊಡುವ ಸರ್ವೈವಿಂಗ್ ಸೆಪ್ಸಿಸ್ ಕ್ಯಾಂಪೇನಿನವರ 2021ರ ಗೈಡ್‌ಲೈನಲ್ಲಿ ಪಾಲಿಮಿಕ್ಸಿನ್ ಕಾಲಮ್ ಬಳಸದಿರುವುದನ್ನೇ ಸೂಚಿಸಿದ್ದಾರೆ, ಬೇರೆ ಥರದ ರಕ್ತ ಶುದ್ಧೀಕರಣಕ್ಕೆ ಹೌದು ಅಲ್ಲ ಎರಡೂ ಹೇಳುವಷ್ಟು ಪುರಾವೆ ಇಲ್ಲ ಅಂತ. ಸೈಟೋಸಾರ್ಬಿಗೆ ಯುರೋಪಲ್ಲಿ 2011ರಿಂದ ಪರವಾನಗಿ ಉಂಟು, ಆದ್ರೆ ಪರವಾನಗಿ ಬೇರೆ, ಜೀವ ಉಳಿಸ್ತದೆ ಅಂತ ರುಜುವಾತಾಗುದು ಬೇರೆ. ಇದನ್ನು ಮೊದ್ಲೇ ಓದಿದ್ರೆ ಸೋಮವಾರ ಬೇಡ ಅಂತಿದ್ದೆನಾ? ಗೊತ್ತಿಲ್ಲ. ಭಾವ ಉಳಿದದ್ದು ಡಬ್ಬಿಯಿಂದ ಅಂತ ಅಕ್ಕ ಈಗ್ಲೂ ಎಲ್ರಿಗೂ ಹೇಳ್ತಾಳೆ, ನಾನು ಸ್ಟೆಂಟ್ ಮತ್ತೆ ಮೆರೋಪೆನೆಮ್ ಅಂತೇನೆ, ಆ ಜಗಳ ಇನ್ನೂ ಮುಗಿಲಿಲ್ಲ.

ಇನ್ನೊಂದು ವಿಷಯ, ನಂಗೆ ಗೊತ್ತಾದ್ದೂ ತಡವಾಗಿ. ಈ ಡಬ್ಬಿ, ಡಯಾಲಿಸಿಸ್, ಎರಡೂ ಕೆಟ್ಟದ್ದನ್ನು ಮಾತ್ರ ಆರಿಸಿ ತೆಗಿಯುದಲ್ಲ, ಕೆಲವು ಆಂಟಿಬಯೋಟಿಕ್ಕನ್ನೂ ರಕ್ತದಿಂದ ಎಳ್ಕೊಳ್ತವೆ. ಹಾಗಾಗಿ ಡೋಸ್ ಮತ್ತೆ ಟೈಮಿಂಗ್ ಹೊಂದಿಸ್ಬೇಕಾಗ್ತದೆ. "ಮೆಷಿನ್ ಹಾಕಿದ ಮೇಲೆ ಆಂಟಿಬಯೋಟಿಕ್ ಡೋಸ್ ನೋಡಿದ್ರಾ ಸರ್?" ಅಂತ ಮೆತ್ತಗೆ ಕೇಳಿ, ಒಳ್ಳೆ ಡಾಕ್ಟ್ರು ಯಾರೂ ಬೇಜಾರು ಮಾಡುದಿಲ್ಲ.

ನವಿ ಮುಂಬಯಿಯಲ್ಲಿ ತೆಗ್ದ ಕಲ್ಚರ್ ಅದೃಷ್ಟಕ್ಕೆ ಬೆಳೀತು, ಇ ಕೋಲಿ ಬ್ಯಾಕ್ಟೀರಿಯಾ. ಮಂಗಳವಾರ ಬೆಳಿಗ್ಗೆಯೇ ಬಾಟ್ಲಿ ಪಾಸಿಟಿವ್ ಅಂತ ಹೇಳಿದ್ರು, ಯಾವ ಔಷಧಕ್ಕೆ ಬಗ್ತದೆ ಅಂತ ಪೂರ್ತಿ ರಿಪೋರ್ಟ್ ಗುರುವಾರ. ಮಾಮೂಲಿ ಆಂಟಿಬಯೋಟಿಕ್ ಸಾಲಿಗೆಲ್ಲ ‘ಆರ್’, ಅಂದ್ರೆ ಅದು ಬಗ್ಗುದಿಲ್ಲ, ನರ್ಸಿಂಗ್ ಹೋಮಲ್ಲಿ ಕೊಟ್ಟದ್ದೂ ಅದ್ರಲ್ಲೇ. ಮೆರೋಪೆನೆಮ್ ಎದ್ರು ‘ಎಸ್’, ಬಗ್ತದೆ. ಆ ಒಂದು ಅಕ್ಷರವನ್ನು ನಾನು ಬೆರಳಿಟ್ಟು ಅಕ್ಕನಿಗೆ ತೋರ್ಸಿದೆ. ಮೆರೋಪೆನೆಮ್ ಬೇರೆ ಬೇರೆ ಕಂಪೆನಿದು ಬೇರೆ ಬೇರೆ ರೇಟಲ್ಲಿ ಸಿಗ್ತದೆ, ಎಂಆರ್‌ಪಿಗೂ ಹೊರಗಿನ ರೇಟಿಗೂ ಅಜಗಜಾಂತರ. ಫಾರ್ಮಸಿ ಕಿಟಕಿಯಲ್ಲಿ "ಇಲ್ಲೇ ಔಷಧ ತಗೊಳ್ಬೇಕೆಂಬ ಕಡ್ಡಾಯ ಇಲ್ಲ" ಅಂತ ಮರಾಠಿಯಲ್ಲಿ ಬೋರ್ಡ್ ಇತ್ತು, ಕ್ಯಾಶ್‌ಲೆಸ್ ಇದ್ದದ್ರಿಂದ ನಾವು ಅಲ್ಲೇ ತಗೊಂಡ್ವು, ಕೈಯಿಂದ ಕಟ್ಟುವವರು ಮಾತ್ರ ಆ ಬೋರ್ಡ್ ಓದಿ.

ಪ್ಲೇಟ್ಲೆಟ್ 19,000ಕ್ಕೆ ಇಳಿದ ದಿನ ಎಸ್‌ಡಿಪಿ ಬೇಕಾಯ್ತು, ಒಬ್ಬನೇ ದಾನಿಯಿಂದ ಮೆಷಿನಲ್ಲಿ ತೆಗಿಯುವ ಪ್ಲೇಟ್ಲೆಟ್. ಡೊಂಬಿವಲಿಯ ನಮ್ಮ ಕನ್ನಡದ ಹುಡುಗ್ರು ಏಳು ಜನ ಲೋಕಲ್ ಹಿಡಿದು ಬಂದ್ರು, ಟೆಸ್ಟಲ್ಲಿ ಪಾಸ್ ಆದದ್ದು ಇಬ್ರು. ಒಬ್ಬನ ನರ ಸಪೂರ, ಒಬ್ಬ ಮೂರು ದಿನದ ಹಿಂದೆ ಆಸ್ಪಿರಿನ್ ನುಂಗಿದ್ದ. ಕರೆಯುವ ಮೊದ್ಲೇ ಫೋನಲ್ಲಿ ಇದನ್ನೆಲ್ಲ ಕೇಳ್ಕೊಳ್ಳಿ.

ಬುಧವಾರ ವೆಂಟಿಲೇಟರ್ ತೆಗ್ದ್ರು. ಸಿಆರ್‌ಆರ್‌ಟಿ ಬಿಟ್ಟು ದಿನಕ್ಕೆ ಎಂಟು ಗಂಟೆಯ ಸ್ಲೆಡ್ ಡಯಾಲಿಸಿಸ್ ಮೂರು ಸಲ ಆಯ್ತು, ಅದು ಖರ್ಚಿಗೂ ಕಮ್ಮಿ. ನಮ್ಮ ಮನೆಯಲ್ಲಿ ಆ ವಾರ ಯಾರು ಫೋನ್ ಎತ್ತಿದ್ರೂ ಹಲೋ ಇಲ್ಲ, "ಮೂತ್ರ ಬಂತಾ?" ಶುಕ್ರವಾರ 40 ಎಂಎಲ್, ಶನಿವಾರ 310, ಭಾನುವಾರ ಒಂದೂಕಾಲು ಲೀಟರ್. ಮಾವ್ಶಿ (ಆಸ್ಪತ್ರೆಯ ಆಯಾ) ಚೀಲ ಖಾಲಿ ಮಾಡ್ಲಿಕ್ಕೆ ಬಂದ್ರೆ ಅಕ್ಕ ಅವ್ಳ ಕೈ ಹಿಡ್ದು "ಎಷ್ಟಾಯ್ತು ಬಾಯಿ, ಬರ್ಕೊಂಡ್ರಾ" ಅಂತ. ಭಾವನಿಗೆ ಪ್ರಜ್ಞೆ ಬಂದು ಮೊದ್ಲು ಕೇಳಿದ್ದು, ಶಟರ್ ಹಾಕಿದ್ಯಾ.

ಈಗ ದುಡ್ಡು. ಒಟ್ಟು ಬಿಲ್ 7,38,000, ಡಬ್ಬಿ ಸೇರಿ. ಪಾಲಿಸಿ 5 ಲಕ್ಷದ್ದು, ಬೋನಸ್ ಸೇರಿ ಏಳೂವರೆ ಇತ್ತು, ಹಾಗಾಗಿ ಲಿಮಿಟ್ ಒಳಗೇ ಬಂತು. ಇನ್ಶೂರೆನ್ಸಿನವ್ರು ಕೊಟ್ಟದ್ದು 5,89,000. ಗ್ಲೌಸ್, ಮಾಸ್ಕ್, ಡೈಪರ್ ಅಂತ 41,000 ಕಡಿತ, ಅದು ಎಲ್ರಿಗೂ ಇದ್ದದ್ದೇ. ಡಬ್ಬಿಯ 1,08,000 ಮಾತ್ರ ‘ಅನ್‌ಪ್ರೂವನ್ ಟ್ರೀಟ್‌ಮೆಂಟ್’, ಎಕ್ಸ್‌ಕ್ಲೂಷನ್ ನಂಬರ್ 16 (ರುಜುವಾತಾಗದ ಚಿಕಿತ್ಸೆಗೆ ದುಡ್ಡು ಕೊಡುದಿಲ್ಲ ಅನ್ನುವ ಷರತ್ತು) ಅಂತ ಪೂರಾ ಕತ್ತರಿ. ಡಿಸ್ಚಾರ್ಜ್ ದಿನ ಬೆಳಿಗ್ಗೆ 11ಕ್ಕೆ ಫೈಲ್ ಹೋಯ್ತು, ಅಪ್ರೂವಲ್ ಬಂದದ್ದು ರಾತ್ರಿ 7:30ಕ್ಕೆ. ಮೂರು ಗಂಟೆಯ ಒಳಗೆ ಕೊಡ್ಬೇಕು ಅಂತ ಇನ್ಶೂರೆನ್ಸ್ ಕಂಪೆನಿಗಳ ಮೇಲೆ ನಿಗಾ ಇಡುವ ಐಆರ್‌ಡಿಎಐ 2024ರಲ್ಲಿ ಹೇಳಿದೆ, ಅದನ್ನು ಡೆಸ್ಕಲ್ಲಿ ಹೇಳಿದ್ರೆ ಆ ಹುಡುಗಿ "ನಾನು ಎಂತ ಮಾಡ್ಲಿ ದಾದಾ, ನಂದೂ ಬೆಳಿಗ್ಗೆಯಿಂದ ಊಟ ಆಗ್ಲಿಲ್ಲ" ಅಂದ್ಳು. ಅದೂ ನಿಜ.

ನಾವು ಬಿಡ್ಲಿಲ್ಲ. ಐಸಿಯು ಡಾಕ್ಟ್ರ ಹತ್ರ ಒಂದು ಪತ್ರ ಬರ್ಸಿದೆವು, ಯಾವ ಹಂತದಲ್ಲಿ, ಲ್ಯಾಕ್ಟೇಟ್ ಎಷ್ಟು ಇರುವಾಗ, ಯಾಕೆ ಹಾಕಿದ್ದು ಅಂತ. ಇದನ್ನು ಡಿಸ್ಚಾರ್ಜ್ ಆಗುವ ಮೊದ್ಲೇ ಬರ್ಸ್ಕೊಳ್ಳಿ, ಆಮೇಲೆ ಡಾಕ್ಟ್ರನ್ನು ಹಿಡಿಲಿಕ್ಕೆ ನಂಗೆ ಮೂರು ಓಪಿಡಿ, ಮೂರು ರಜೆ ಬೇಕಾಯ್ತು. ಪತ್ರ, ಇನ್ವಾಯ್ಸ್, ಎರಡೂ ಯುಪಿಐ ರಸೀದಿ, ಸ್ಟಿಕರ್ ಫೋಟೋ, ನೋಟ್‌ಬುಕ್ಕಿನ ಆ ಎರಡು ಪುಟದ ಜೆರಾಕ್ಸ್ ಸೇರ್ಸಿ ಕಂಪೆನಿಗೆ ದೂರು ಹಾಕಿದ್ದೇನೆ. ಒಂದು ತಿಂಗಳಲ್ಲಿ ಉತ್ತರ ಬರದಿದ್ರೆ ಇಂಥ ದೂರು ಕೇಳುವ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಹತ್ರ ಹೋಗ್ಬಹುದು, ಅದಕ್ಕೆ ಫೀಸ್ ಇಲ್ಲ, ವಕೀಲರೂ ಬೇಡ. ಡಬ್ಬಿಯಿಂದ ಗ್ಯಾರಂಟಿ ಲಾಭ ಉಂಟು ಅಂತ ಬರೀಲಿಕ್ಕೆ ನಂಗೂ ಬಾಯಿ ಬರ್ಲಿಲ್ಲ, ಡಾಕ್ಟ್ರು ಸಲಹೆ ಕೊಟ್ಟದ್ರಿಂದ ಹಾಕ್ಸಿದ್ದು ಅಂತ ಮಾತ್ರ ಬರ್ದೆ.

ಭಾವ ಮನೆಯಲ್ಲಿ ಇದ್ದಾರೆ. ಒಂಬತ್ತು ಕಿಲೊ ಇಳಿದಿದ್ದಾರೆ, ತಲೆ ಕೂದ್ಲು ಬಾಚಣಿಗೆಯಲ್ಲಿ ಗುಂಪು ಗುಂಪಾಗಿ ಬರ್ತದೆ, ರಾತ್ರಿ ಮೆಷಿನ್ ಅಲಾರಂ ಕೇಳ್ತದೆ ಅಂತ ಎದ್ದು ಕೂರ್ತಾರೆ. ಸೆಪ್ಸಿಸ್ ಆದವರಿಗೆ ಇದೆಲ್ಲ ತಿಂಗಳುಗಟ್ಟಲೆ ಇರ್ಬಹುದಂತೆ, ಹೆದರ್ಬೇಡಿ ಅಂದಿದ್ದಾರೆ. ಕ್ರಿಯಾಟಿನಿನ್ 1.4ಕ್ಕೆ ನಿಂತಿದೆ. ಸ್ಟೆಂಟ್ ಇನ್ನೂ ಒಳಗೇ ಉಂಟು, ಅದನ್ನು ಮರ್ತು ಬಿಡುವವರೂ ಇದ್ದಾರಂತೆ, ಮರ್ತ್ರೆ ಅದ್ರ ಮೇಲೇ ಕಲ್ಲು ಕಟ್ಟಿ ಇನ್ನೊಂದು ರಾಮಾಯಣ. ಅಕ್ಕ ಕ್ಯಾಲೆಂಡರಲ್ಲಿ ಕೆಂಪು ಪೆನ್ನಲ್ಲಿ ಗುರುತು ಹಾಕಿದ್ದಾಳೆ, ಮುಂದಿನ ಗುರುವಾರ ಲೇಸರಲ್ಲಿ ಕಲ್ಲು ತೆಗ್ದು ಸ್ಟೆಂಟ್ ಬದ್ಲು ಮಾಡುದು. ಅದಕ್ಕೆ ಇನ್ಶೂರೆನ್ಸಿನ ಒಪ್ಪಿಗೆ ಮೊದ್ಲೇ ಕೇಳುವ ಪ್ರೀ-ಆಥ್ ಫಾರ್ಮ್ ನಾನು ನಿನ್ನೆಯೇ ಕೊಟ್ಟು ಬಂದೆ, ಈ ಸಲ ಡಿಪಾಸಿಟ್ ಕೇಳ್ಲಿಲ್ಲ. ಪಾನ್ ಕಾರ್ಡ್ ಗಲ್ಲಾ ಪೆಟ್ಟಿಗೆಯಿಂದ ತೆಗ್ದು ಫೈಲಲ್ಲಿ ಹಾಕಿಟ್ಟಾಗಿದೆ.